ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್‌ಗೆ ನ್ಯೂರಾನ್ ಸಿಮ್ಯುಲೇಟರ್ ಹಾಕಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ವಿಂಡೋಸ್ 11 ಲ್ಯಾಪ್‌ಟಾಪ್ ಇದೆ, ಪೈಥಾನ್ ಇದೆ, ಪೈಥಾನ್ ಪ್ಯಾಕೇಜ್‌ಗಳನ್ನು ಹಾಕಿಕೊಡುವ ಪಿಪ್‌ನಲ್ಲಿ ‘ಪಿಪ್ ಇನ್‌ಸ್ಟಾಲ್ ನ್ಯೂರಾನ್’ ಎಂದು ಕೊಟ್ಟರೆ ಹೊಂದುವ ಆವೃತ್ತಿ ಸಿಗಲಿಲ್ಲ ಎಂಬ ಕೆಂಪು ಸಾಲು ಬರುತ್ತಿದೆ. ಪೈಥಾನ್ ತೆಗೆದು ಮತ್ತೆ ಹಾಕಿದರೂ ಅದೇ. ಎಂಎಸ್ಸಿ ಪ್ರಾಜೆಕ್ಟ್‌ಗೆ ನರಕೋಶದ ಮಾಡೆಲ್ ಒಂದನ್ನು ನ್ಯೂರಾನ್‌ನಲ್ಲಿ, ಅಂದರೆ ನರಕೋಶಗಳ ವಿದ್ಯುತ್ ಚಟುವಟಿಕೆಯನ್ನು ಲೆಕ್ಕಹಾಕಿ ತೋರಿಸುವ ಸಾಫ್ಟ್‌ವೇರ್‌ನಲ್ಲಿ, ಓಡಿಸಬೇಕು.

ಪೈಥಾನ್ ಮತ್ತೆ ಮತ್ತೆ ಹಾಕುವುದನ್ನು ಮೊದಲು ನಿಲ್ಲಿಸಿ. ಅದರಲ್ಲಿ ಏನೂ ಕೆಟ್ಟಿಲ್ಲ. ನ್ಯೂರಾನ್ ತಂಡದವರು ಪಿಪ್‌ಗೆ ಕೊಡುವ ಸಿದ್ಧ ಪ್ಯಾಕೇಜ್ ಲಿನಕ್ಸ್ ಮತ್ತು ಮ್ಯಾಕ್‌ಗೆ ಮಾತ್ರ. ವಿಂಡೋಸ್‌ನಿಂದ ಕೇಳಿದಾಗ ಪಿಪ್ ಹುಡುಕುತ್ತದೆ, ಏನೂ ಸಿಗುವುದಿಲ್ಲ, ಆ ಸಾಲು ತೋರಿಸಿ ಸುಮ್ಮನಾಗುತ್ತದೆ. ಅಷ್ಟೇ ವಿಷಯ.

ನಿಮಗೆ ಎರಡು ದಾರಿ ಇವೆ. ಒಂದು, ನ್ಯೂರಾನ್‌ನ ಅಧಿಕೃತ ವಿಂಡೋಸ್ ಇನ್‌ಸ್ಟಾಲರ್. ಪೈಥಾನ್ ಆಗಲೇ ಇರುವುದರಿಂದ ಅದನ್ನು ಡೌನ್‌ಲೋಡ್ ಮಾಡಿ ಡಬಲ್ ಕ್ಲಿಕ್ ಮಾಡಿದರೆ ಆಯಿತು, ಬೇಕಾದ ಕಂಪೈಲರ್ (ಕೋಡನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರುವ ಪ್ರೋಗ್ರಾಂ) ಕೂಡ ಅದರ ಜೊತೆಗೇ ಬರುತ್ತದೆ. ಇನ್ನೊಂದು, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್. ನನ್ನ ಮತ ಎರಡನೆಯದಕ್ಕೆ. ಇವತ್ತು ನೀವು ಒಂದೇ ಒಂದು ಕೋಶ ಓಡಿಸುತ್ತೀರಿ, ನಾಳೆ ಬೇರೆಯವರು ಬರೆದ ಮಾಡೆಲ್ ತರುತ್ತೀರಿ. ಆ ಮಾಡೆಲ್‌ಗಳ ಜೊತೆ ಬರುವ ಸೂಚನೆಗಳು ಜಾಸ್ತಿ ಲಿನಕ್ಸ್‌ನವರಿಗೆಂದೇ ಬರೆದಿರುತ್ತವೆ. ಮುಂದೆ ಯಾವುದಾದರೂ ಸಂಸ್ಥೆಯ ದೊಡ್ಡ ಸರ್ವರ್ ಸಿಕ್ಕರೆ ಅದೂ ಲಿನಕ್ಸೇ. ಈಗ ಅರ್ಧ ದಿನ ಕೊಟ್ಟು ಕಲಿತದ್ದು ಎಲ್ಲ ಕಡೆ ನಡೆಯುತ್ತದೆ. ನಮ್ಮ ಲ್ಯಾಬ್‌ಗೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೂ ನಾನು ಇದನ್ನೇ ಹಾಕಿಕೊಡುತ್ತೇನೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಸಣ್ಣಕ್ಷರ.

ಸ್ಟಾರ್ಟ್ ಮೆನುವಿನಲ್ಲಿ ಪವರ್‌ಶೆಲ್ ಹುಡುಕಿ, ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ‘ಡಬ್ಲ್ಯೂಎಸ್‌ಎಲ್’ ಎಂದು ಬರೆದು ಒಂದು ಸ್ಪೇಸ್, ಎರಡು ಅಡ್ಡಗೆರೆ, ಅದಕ್ಕೆ ಅಂಟಿಕೊಂಡಂತೆ ‘ಇನ್‌ಸ್ಟಾಲ್’. ಮುಗಿದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಉಬುಂಟು ಎಂಬ ಲಿನಕ್ಸ್ ತೆರೆದುಕೊಂಡು ಹೊಸ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಒಂದು ಚುಕ್ಕೆಯೂ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಲಿನಕ್ಸ್ ಇರುವುದೇ ಹಾಗೆ. ವರ್ಚುವಲೈಸೇಶನ್ ಬಗ್ಗೆ ಎರರ್ ಬಂದರೆ ಬಯೋಸ್‌ಗೆ ಹೋಗಿ ಅದನ್ನು ಆನ್ ಮಾಡಬೇಕು.

ಉಬುಂಟು ಒಳಗೆ ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’. ಆಮೇಲೆ ‘ಸುಡೊ ಆಪ್ಟ್ ಇನ್‌ಸ್ಟಾಲ್’ ಜೊತೆಗೆ ಎರಡು ಹೆಸರು: ‘ಬಿಲ್ಡ್-ಎಸೆನ್ಷಿಯಲ್’ ಮತ್ತು ‘ಪೈಥಾನ್3-ವೆನ್ವ್’. ಮೊದಲನೆಯದು ಕಂಪೈಲರ್. ಅದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ, ದಯವಿಟ್ಟು ಬಿಡಬೇಡಿ.

ಈಗ ನ್ಯೂರಾನ್‌ಗೆಂದೇ ಪ್ರತ್ಯೇಕ ಪೈಥಾನ್, ಅಂದರೆ ವೆನ್ವ್, ಮಾಡಿಕೊಳ್ಳಿ. ‘ಪೈಥಾನ್3 -ಎಂ ವೆನ್ವ್ ಬ್ರೇನ್’ ಎಂದರೆ ‘ಬ್ರೇನ್’ ಎಂಬ ಫೋಲ್ಡರ್ ಹುಟ್ಟುತ್ತದೆ. ಅದರೊಳಗಿನ ‘ಬಿನ್’ ಫೋಲ್ಡರ್‌ನಲ್ಲಿರುವ ‘ಆ್ಯಕ್ಟಿವೇಟ್’ ಫೈಲನ್ನು ‘ಸೋರ್ಸ್’ ಮಾಡಿದರೆ ಟರ್ಮಿನಲ್ ಸಾಲಿನ ಎಡಗಡೆ ‘ಬ್ರೇನ್’ ಎಂದು ಕಾಣುತ್ತದೆ. ಅದು ಕಂಡ ಮೇಲಷ್ಟೇ ‘ಪಿಪ್ ಇನ್‌ಸ್ಟಾಲ್ ನ್ಯೂರಾನ್ ಮ್ಯಾಟ್‌ಪ್ಲಾಟ್‌ಲಿಬ್’ ಕೊಡಿ. ಈ ಹೆಜ್ಜೆ ಹಾರಿದರೆ ಈಗಿನ ಉಬುಂಟು ‘ಈ ಪೈಥಾನ್ ಸಿಸ್ಟಂಗೆ ಸೇರಿದ್ದು, ಮುಟ್ಟಬೇಡಿ’ ಎಂಬರ್ಥದ ಎರರ್ ಕೊಡುತ್ತದೆ. ಅದನ್ನು ಬಲವಂತವಾಗಿ ಮೀರುವ ಆಯ್ಕೆಯೂ ಅಲ್ಲೇ ಕಾಣುತ್ತದೆ. ಬೇಡ. ಟರ್ಮಿನಲ್ ಮುಚ್ಚಿ ತೆರೆದಾಗಲೆಲ್ಲ ಮತ್ತೆ ಆ್ಯಕ್ಟಿವೇಟ್ ಮಾಡಬೇಕು. ‘ನಿನ್ನೆ ಓಡಿತ್ತು, ಇವತ್ತು ನ್ಯೂರಾನ್ ಸಿಗುತ್ತಿಲ್ಲ’ ಎನ್ನುವವರಲ್ಲಿ ಹೆಚ್ಚಿನವರ ತೊಂದರೆ ಇದೇ.

ಇನ್‌ಸ್ಟಾಲ್ ಆಯಿತು ಎಂದು ಪಿಪ್ ಹೇಳಿದರೆ ಸಾಲದು, ಒಂದು ಕೋಶ ಸ್ಪೈಕ್ ಮಾಡಿದ್ದನ್ನು, ಅಂದರೆ ಅದರ ವೋಲ್ಟೇಜ್ ಥಟ್ಟನೆ ಜಿಗಿದು ಇಳಿದದ್ದನ್ನು, ನೀವು ಕಣ್ಣಾರೆ ನೋಡಬೇಕು. ಒಂದು ಪೈಥಾನ್ ಫೈಲ್ ಮಾಡಿ. ಅದಕ್ಕೆ ‘ನ್ಯೂರಾನ್ ಡಾಟ್ ಪೈ’ ಎಂದು ಮಾತ್ರ ಹೆಸರಿಡಬೇಡಿ. ಹಾಗಿಟ್ಟರೆ ಪೈಥಾನ್ ನಿಜವಾದ ನ್ಯೂರಾನ್ ಬಿಟ್ಟು ನಿಮ್ಮ ಫೈಲನ್ನೇ ಇಂಪೋರ್ಟ್ ಮಾಡಲು ಹೋಗಿ ‘ಎಚ್’ ಸಿಗಲಿಲ್ಲ ಎನ್ನುತ್ತದೆ. ಫೈಲ್‌ನಲ್ಲಿ ನ್ಯೂರಾನ್‌ನಿಂದ ‘ಎಚ್’ ಇಂಪೋರ್ಟ್ ಮಾಡಿ, ‘ಸ್ಟಡ್‌ರನ್ ಡಾಟ್ ಹಾಕ್’ ಲೋಡ್ ಮಾಡಿ, ಒಂದು ಸೆಕ್ಷನ್ (ಕೋಶದ ಒಂದು ತುಂಡು) ಮಾಡಿ ಅದಕ್ಕೆ ಅಯಾನ್ ಚಾನೆಲ್‌ಗಳ ಸಿದ್ಧ ಸಮೀಕರಣವಾದ ‘ಎಚ್‌ಎಚ್’ ಸೇರಿಸಿ. ಕೋಶಕ್ಕೆ ಕರೆಂಟ್ ಹರಿಸುವ ಐಕ್ಲ್ಯಾಂಪ್‌ನಿಂದ 0.3 ನ್ಯಾನೋಆ್ಯಂಪಿಯರ್ ಕರೆಂಟ್ ಕೊಡಿ. ವೋಲ್ಟೇಜ್ ರೆಕಾರ್ಡ್ ಮಾಡಿ, -65 ಮಿಲಿವೋಲ್ಟ್‌ನಿಂದ ಶುರು ಮಾಡಿ ಓಡಿಸಿ.

ಇಲ್ಲೇ ತುಂಬ ಜನ ಎಡವುತ್ತಾರೆ. ಗ್ರಾಫ್‌ನಲ್ಲಿ -65ರ ಹತ್ತಿರ ಒಂದು ಚಪ್ಪಟೆ ಗೆರೆ ಬರುತ್ತದೆ, ಇನ್‌ಸ್ಟಾಲ್ ಸರಿಯಾಗಿಲ್ಲ ಅಂತ ಎಲ್ಲ ಅಳಿಸಿ ಮತ್ತೆ ಶುರು ಮಾಡುತ್ತಾರೆ. ತೊಂದರೆ ಅದಲ್ಲ. ನೀವು ಅಳತೆ ಹೇಳದಿದ್ದರೆ ನ್ಯೂರಾನ್ ಒಂದು ಸೆಕ್ಷನ್‌ಗೆ 100 ಮೈಕ್ರೋಮೀಟರ್ ಉದ್ದ, 500 ಮೈಕ್ರೋಮೀಟರ್ ದಪ್ಪ ಇಟ್ಟುಕೊಳ್ಳುತ್ತದೆ. ಅದು ಸ್ಕ್ವಿಡ್ ಎಂಬ ಸಮುದ್ರಜೀವಿಯ ದೈತ್ಯ ಆಕ್ಸಾನ್‌ನಷ್ಟು (ನರತಂತುವಿನಷ್ಟು) ದಪ್ಪ. ಅಷ್ಟು ದೊಡ್ಡ ಪೊರೆಗೆ 0.3 ನ್ಯಾನೋಆ್ಯಂಪಿಯರ್ ಯಾವ ಮೂಲೆಗೂ ಸಾಲದು. ಉದ್ದ, ದಪ್ಪ ಎರಡನ್ನೂ 20 ಮೈಕ್ರೋಮೀಟರ್ ಮಾಡಿ. ಪೊರೆಯ ವಿಸ್ತೀರ್ಣ 125 ಪಟ್ಟು ಇಳಿಯುತ್ತದೆ. ಅದೇ ಕರೆಂಟಿಗೆ ಈಗ ವೋಲ್ಟೇಜ್ ಸೊನ್ನೆ ದಾಟಿ ಸುಮಾರು 40ರವರೆಗೆ ಜಿಗಿಯುತ್ತದೆ, ಒಂದರ ಹಿಂದೆ ಒಂದು ಸ್ಪೈಕ್ ಸಾಲಾಗಿ ಬರುತ್ತದೆ. ಇದು ಕಂಡರೆ ನಿಮ್ಮ ಇನ್‌ಸ್ಟಾಲ್ ಸರಿಯಾಗಿದೆ.

ಇನ್ನೊಂದು ಮಾತು. ಮನುಷ್ಯನ ದೇಹ ಅಲ್ವಾ ಅಂತ ತಾಪಮಾನವನ್ನು 37 ಡಿಗ್ರಿ ಮಾಡಬೇಡಿ. ‘ಎಚ್‌ಎಚ್’ ಅಂದರೆ ಹಾಜ್‌ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ಪ್ರಕಟಿಸಿದ, ತಣ್ಣನೆಯ ಸಮುದ್ರಜೀವಿಯಾದ ಅದೇ ಸ್ಕ್ವಿಡ್‌ನ ಸಮೀಕರಣ. ನ್ಯೂರಾನ್ ತಾನಾಗಿ ಇಡುವ 6.3 ಡಿಗ್ರಿಯೇ ಅದಕ್ಕೆ ಸರಿ. 37ಕ್ಕೆ ಏರಿಸಿದರೆ ಸ್ಪೈಕ್ ಕುಗ್ಗಿಹೋಗುತ್ತದೆ. ಆಗ ಕೇಂಬ್ರಿಜ್‌ನ ಕಂಪ್ಯೂಟರ್ ಬಂದ್ ಇದ್ದ ಕಾರಣ ಹಕ್ಸ್ಲಿ ಈ ಲೆಕ್ಕವನ್ನು ಹಿಡಿ ತಿರುಗಿಸುವ ಬ್ರನ್ಸ್‌ವಿಗಾ ಯಂತ್ರದಲ್ಲಿ ಕೈಯಾರೆ ಮಾಡಿದ್ದರು. ಅದೇ ಗೆರೆ ನಿಮ್ಮ ಪರದೆ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಪ್ರತಿ ಹೊಸ ವಿದ್ಯಾರ್ಥಿಯ ಜೊತೆ ಇದನ್ನು ನೋಡುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಈಗ ಕಂಪೈಲರ್ ಮಾತು. ನಿಮ್ಮ ಪ್ರಾಜೆಕ್ಟ್‌ಗೆ ಯೇಲ್ ವಿಶ್ವವಿದ್ಯಾಲಯದವರು ನಡೆಸುವ ಮಾಡೆಲ್‌ಡಿಬಿ ಎಂಬ ಮಾಡೆಲ್ ಸಂಗ್ರಹದಿಂದ ಮಾಡೆಲ್ ಇಳಿಸಿಕೊಳ್ಳುತ್ತೀರಿ ಅಂದುಕೊಳ್ಳಿ. ಜಿಪ್ ಬಿಚ್ಚಿದರೆ ‘ಮಾಡ್’ ಫೈಲ್‌ಗಳು ಕಾಣುತ್ತವೆ. ಒಂದೊಂದೂ ಒಂದು ಅಯಾನ್ ಚಾನೆಲ್ ಅಥವಾ ಸಿನಾಪ್ಸ್‌ನ ವಿವರಣೆ. ಅವುಗಳನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಕಂಪೈಲ್ ಮಾಡಬೇಕು. ಆ ಫೋಲ್ಡರ್‌ಗೆ ಹೋಗಿ ‘ಎನ್‌ಆರ್‌ಎನ್‌ಐವಿಮಾಡ್ಲ್’ ಕೊಡಿ, ಕೊನೆಯ ಭಾಗ ಎಂ, ಓ, ಡಿ, ಎಲ್ ಅಷ್ಟೇ, ನಡುವೆ ಸ್ಪೇಸ್ ಇಲ್ಲ. ಸರಿಯಾಗಿದ್ದರೆ ಕೊನೆಗೆ ‘ಸ್ಪೆಷಲ್’ ಯಶಸ್ವಿಯಾಗಿ ತಯಾರಾಯಿತು ಎಂಬ ಸಾಲು ಬಂದು, ‘ಎಕ್ಸ್86_64’ ಎಂಬ ಫೋಲ್ಡರ್ ಹುಟ್ಟಿರುತ್ತದೆ. ಪೈಥಾನನ್ನು ಅದೇ ಫೋಲ್ಡರ್‌ನಿಂದ ಶುರು ಮಾಡಿದರೆ ನ್ಯೂರಾನ್ ತಾನಾಗಿ ಇವುಗಳನ್ನು ಎತ್ತಿಕೊಳ್ಳುತ್ತದೆ. ಬೇರೆ ಫೋಲ್ಡರ್‌ನಿಂದ ಜುಪಿಟರ್ ನೋಟ್‌ಬುಕ್ ತೆರೆದರೆ ಅಂಥ ಮೆಕ್ಯಾನಿಸಂ ಇಲ್ಲ ಎಂಬ ಎರರ್ ಬರುತ್ತದೆ. ಆಗ ‘ಲೋಡ್_ಮೆಕ್ಯಾನಿಸಮ್ಸ್’ಗೆ ಫೋಲ್ಡರ್‌ನ ದಾರಿ ಕೊಡಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ‘ಈ ಹೆಸರು ಆಗಲೇ ಇದೆ’ ಅಂತ ತಕರಾರು. ‘ಮಾಡ್’ ಫೈಲ್ ತಿದ್ದಿದರೆ ಮತ್ತೆ ಕಂಪೈಲ್ ಮಾಡಿ, ಪೈಥಾನನ್ನೂ ಹೊಸದಾಗಿ ಶುರು ಮಾಡಿ. ಸ್ನೇಹಿತರ ಲ್ಯಾಪ್‌ಟಾಪ್‌ನಿಂದ ಫೋಲ್ಡರ್ ತಂದಿದ್ದರೆ ಹಳೆಯ ‘ಎಕ್ಸ್86_64’ ಅಳಿಸಿಯೇ ಮುಂದುವರಿಯಿರಿ.

ಹಳೆಯ ಮಾಡೆಲ್ ಕಂಪೈಲ್ ಆಗದೆ ಸಿ ಪ್ಲಸ್ ಪ್ಲಸ್ ಎರರ್‌ಗಳ ರಾಶಿ ಬಂದರೆ ನಿಮ್ಮ ನ್ಯೂರಾನ್ ಆವೃತ್ತಿ ನೋಡಿ. 9ನೇ ಆವೃತ್ತಿಯಿಂದ ‘ಮಾಡ್’ ಫೈಲ್‌ಗಳು ಸಿ ಬದಲು ಸಿ ಪ್ಲಸ್ ಪ್ಲಸ್ ಆಗಿ ಬದಲಾಗುತ್ತವೆ. ಕೆಲವು ಹಳೆಯ ಫೈಲ್‌ಗಳು ಇದಕ್ಕೆ ಒಗ್ಗುವುದಿಲ್ಲ. ಇನ್ನೊಂದು ವೆನ್ವ್ ಮಾಡಿ ಅದರಲ್ಲಿ 8.2 ಸಾಲಿನ ನ್ಯೂರಾನ್ ಹಾಕಿ. ಆ ಹಳೆಯ ಆವೃತ್ತಿಗೆ ತೀರ ಹೊಸ ಪೈಥಾನ್ ಹೊಂದದೆ ಹೋಗಬಹುದು, ಅದನ್ನೂ ಗಮನಿಸಿ.

ಫೈಲ್‌ಗಳನ್ನೆಲ್ಲ ಉಬುಂಟುವಿನ ಹೋಮ್ ಫೋಲ್ಡರ್‌ನಲ್ಲೇ ಇಟ್ಟುಕೊಳ್ಳಿ. ಸಿ ಡ್ರೈವ್‌ನಲ್ಲಿಟ್ಟು ಲಿನಕ್ಸ್‌ನಿಂದ ಮುಟ್ಟಿದರೆ ತುಂಬ ನಿಧಾನ.

ಲ್ಯಾಪ್‌ಟಾಪ್ ತೀರ ಹಳೆಯದಾದರೆ ಬ್ರೌಸರ್‌ನಲ್ಲೇ ಪೈಥಾನ್ ಓಡಿಸುವ ಗೂಗಲ್ ಕೊಲ್ಯಾಬ್ ಇದೆ. ಒಂದು ಸೆಲ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಪಿಪ್ ಕಮಾಂಡ್ ಕೊಟ್ಟರೆ ಆಯಿತು, ಆದರೆ ಸೆಶನ್ ಮುಗಿದರೆ ಮತ್ತೆ ಮೊದಲಿನಿಂದ. ಕೋಶದ ಆಕಾರ, ಕವಲುಗಳು ನಿಮಗೆ ಬೇಡ, ಸರಳ ಕೋಶಗಳ ಜಾಲ ಸಾಕು ಅನ್ನುವುದಾದರೆ ಬ್ರಯಾನ್2 ಎಂಬ ಸಿಮ್ಯುಲೇಟರ್ ನೋಡಿ. ಅದು ವಿಂಡೋಸ್‌ನಲ್ಲೂ ನೇರವಾಗಿ ಪಿಪ್‌ನಿಂದ ಬರುತ್ತದೆ. ಸಿನಾಪ್ಸ್ ಒಳಗಿನ ರಾಸಾಯನಿಕ ಕ್ರಿಯೆಗಳೂ ಸೇರಬೇಕಾದರೆ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಉಪಿಂದರ್ ಭಲ್ಲಾ ಅವರ ಲ್ಯಾಬ್ ಬೆಳೆಸಿದ ಮೂಸ್ ಎಂಬ ಸಿಮ್ಯುಲೇಟರ್ ಇದೆ. ನಿಮ್ಮ ಗೈಡ್ ನ್ಯೂರಾನ್ ಮಾಡೆಲ್ ಕೊಟ್ಟಿದ್ದರೆ ಮಾತ್ರ ಸುಮ್ನೆ ಅತ್ತಿತ್ತ ಹೋಗಬೇಡಿ, ನ್ಯೂರಾನ್‌ನಲ್ಲೇ ಇರಿ.

ಎಲ್ಲಾದರೂ ಸಿಕ್ಕಿಕೊಂಡರೆ ಕಾಮೆಂಟ್‌ನಲ್ಲಿ ಹೇಳಿ. ಎರರ್‌ನ ಕೊನೆಯ ಸಾಲು ಮಾತ್ರ ಬೇಡ, ಪೂರ್ತಿ ಹಾಕಿ. ಜೊತೆಗೆ ‘ವಿಚ್ ಪೈಥಾನ್’ ಕೊಟ್ಟಾಗ ಏನು ಬರುತ್ತದೆ, ನ್ಯೂರಾನ್ ಆವೃತ್ತಿ ಯಾವುದು, ನೀವು ಯಾವ ಫೋಲ್ಡರ್‌ನಲ್ಲಿದ್ದೀರಿ, ಈ ಮೂರನ್ನು ಬರೆಯಿರಿ.