ಮಳೆಗಾಲಕ್ಕೆ ನಾಯಿಯ ತಿಂಡಿ ಮೆತ್ತಗಾದರೆ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ತಂದ ಫ್ರೀಜ್ ಡ್ರೈಡ್ (ಹೆಪ್ಪುಗಟ್ಟಿಸಿ ನೀರು ತೆಗೆದ) ಕೋಳಿ ತುಂಡುಗಳು ಪ್ಯಾಕೆಟ್ ಒಡೆದ ವಾರದಲ್ಲೇ ಮೆತ್ತಗಾದವು. ಫ್ರಿಜ್‌ನಲ್ಲಿ ಇಡಬಹುದೇ?
– ಓದುಗರು, ಮಂಗಳೂರು

ಉತ್ತರ: ದಿನಾ ಬಳಸುವ ಪ್ಯಾಕೆಟ್‌ಗೆ ಫ್ರಿಜ್ ಬೇಡ. ಹೊರಗೆ ತೆಗೆದಾಗಲೆಲ್ಲ ತಣ್ಣನೆಯ ತುಂಡಿನ ಮೇಲೆ ನೀರಿನ ಪಸೆ ಕೂರುತ್ತದೆ. ನೀರೆಲ್ಲ ಹೋದ ಆ ತುಂಡು ಸ್ಪಂಜಿನ ಹಾಗೆ, ಒಳಗೆಲ್ಲ ತೂತು. ನಿಮ್ಮೂರಿನ ಜುಲೈ ಗಾಳಿಗೆ ಹಪ್ಪಳವೇ ಮೆತ್ತಗಾಗುತ್ತದೆ, ಅಲ್ವಾ? ನಾನೂ ಚೆಂದ ಕಾಣಲೆಂದು ಗಾಜಿನ ಭರಣಿಗೆ ಸುರಿದು ಒಲೆ ಪಕ್ಕ ಇಟ್ಟು, ಅರ್ಧದಷ್ಟು ಎಸೆದವಳೇ. ಈಗ ಮೂಲ ಪ್ಯಾಕೆಟ್‌ನಲ್ಲೇ ಗಾಳಿ ಒತ್ತಿ ತೆಗೆದು, ಜಿಪ್ ಹಾಕಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ತುಂಡು ಮುರಿದರೆ ಪಟ್ ಅನ್ನಬೇಕು. ಬಾಗಿದರೆ ಎಸೆಯಿರಿ, ಸುಮ್ನೆ ಬಿಸಿಲಿಗೆ ಹಾಕಬೇಡಿ. ಹಸಿ ಮಾಂಸದ್ದಾದರೆ ಒಣಗಿಸಿದ ಮಾತ್ರಕ್ಕೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಕೈ, ಬಟ್ಟಲು ಸೋಪು ಹಾಕಿ ತೊಳೆಯಿರಿ. ನೀರು ಬೆರೆಸಿ ಕೊಟ್ಟಿದ್ದನ್ನು ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ಬಟ್ಟಲು ಎತ್ತಿಬಿಡಿ.