ನಡೆದಾಡುವ ಶಾರ್ಕ್

ಪ್ರಶ್ನೆ: ನೀರು ಇಳಿದ ಮೇಲೂ ಬದುಕುಳಿದು, ಸಮುದ್ರತಳದಲ್ಲಿ ನಡೆದಾಡುವ ಶಾರ್ಕ್ ಇದೆಯಂತೆ. ನಿಜವೇ?

ಉತ್ತರ: ನಿಜ. ಉತ್ತರ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ದಕ್ಷಿಣ ಕರಾವಳಿಯ ಆಳವಿಲ್ಲದ ಹವಳ ದಿಬ್ಬಗಳಲ್ಲಿ ವಾಸಿಸುವ ಎಪಾಲೆಟ್ ಶಾರ್ಕ್ ಅದು. ಉದ್ದ ಸುಮಾರು 1 ಮೀಟರ್ ಮಾತ್ರ. ಎದೆಯ ಈಜುರೆಕ್ಕೆಗಳ ಮೇಲ್ಭಾಗದಲ್ಲಿ, ಸೈನಿಕರ ಭುಜಪಟ್ಟಿಯನ್ನು ನೆನಪಿಸುವಂತೆ, ಬಿಳಿ ಅಂಚಿನ ದೊಡ್ಡ ಕಪ್ಪು ಚುಕ್ಕೆಯೊಂದು ಎರಡೂ ಬದಿಗೆ ಎದ್ದು ಕಾಣುತ್ತದೆ. ಹೆಸರು ಬಂದದ್ದು ಅದರಿಂದಲೇ.

ಹಲ್ಲಿಯಂತೆ ಮೈಯನ್ನು ಅತ್ತಿತ್ತ ಬಳುಕಿಸುತ್ತಾ, ಎದೆಯ ಮತ್ತು ಹೊಟ್ಟೆಯ ರೆಕ್ಕೆಗಳನ್ನು ಕಾಲುಗಳಂತೆ ಊರಿ ಅದು ಹವಳದ ಸಂದುಗಳಲ್ಲಿ ಹುಳು, ಏಡಿಗಳನ್ನು ಹುಡುಕುತ್ತದೆ. ನನಗೆ ಇದಕ್ಕಿಂತಲೂ ಅಚ್ಚರಿಯೆನಿಸುವುದು ಅದರ ಸಹನಶಕ್ತಿ. ರಾತ್ರಿಯ ಇಳಿತದಲ್ಲಿ ದಿಬ್ಬದ ಗುಂಡಿಗಳೊಳಗೆ ಸಿಕ್ಕಿಬಿದ್ದ ನೀರಿನ ಆಮ್ಲಜನಕವನ್ನು ಅಲ್ಲಿನ ಜೀವಿಗಳೆಲ್ಲ ಉಸಿರಾಡಿ ಬರಿದಾಗಿಸಿದಾಗ, ಈ ಶಾರ್ಕ್ ಹೃದಯಬಡಿತವನ್ನು ತಗ್ಗಿಸಿ, ಮೆದುಳಿನ ರಕ್ತನಾಳಗಳನ್ನು ಹಿಗ್ಗಿಸಿ, ಆಮ್ಲಜನಕವೇ ಇಲ್ಲದ ಸ್ಥಿತಿಯಲ್ಲೂ ಸುಮಾರು ಒಂದು ಗಂಟೆ ತಾಳಿಕೊಳ್ಳಬಲ್ಲದು.

ಹೆಣ್ಣು ಸಾಮಾನ್ಯವಾಗಿ ಒಮ್ಮೆಗೆ ಎರಡು ಮೊಟ್ಟೆಗಳನ್ನಿಡುತ್ತದೆ. ಚರ್ಮದಂಥ ಕೋಶದೊಳಗಿನ ಮರಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲದಿರುವುದರಿಂದ ನೀರಿನ ಬಿಸಿ ನೇರವಾಗಿ ಅದನ್ನು ತಟ್ಟುತ್ತದೆ: 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 125 ದಿನಗಳಿಗೆ ಹೊರಬರುವ ಮರಿ, 31 ಡಿಗ್ರಿಯಲ್ಲಿ ಸುಮಾರು 100 ದಿನಗಳಿಗೇ, ಚಿಕ್ಕದಾಗಿ, ಬಳಲಿಕೊಂಡೇ ಹೊರಬರುವುದನ್ನು ಪ್ರಯೋಗಗಳು ತೋರಿಸಿವೆ.