'ಈ ದಿನ' ಕಾರ್ಯಕ್ರಮಕ್ಕೆ 365 ದಿನಾಂಕಗಳ ಪಟ್ಟಿಯನ್ನು ಹುಡುಕಬೇಡಿ

ನಿಮ್ಮ ಕಾಲೇಜಿನ ಸಮುದಾಯ ಬಾನುಲಿಯಲ್ಲಿ ಟಿವಿ ಮತ್ತು ಪಾಪ್ ಸಂಗೀತದ ಚರಿತ್ರೆಯನ್ನು ಕುರಿತು ದಿನಕ್ಕೊಂದು 'ಈ ದಿನ' ಕಾರ್ಯಕ್ರಮ ಮಾಡಬೇಕೆಂದಿದ್ದೀರಿ, ಅದಕ್ಕಾಗಿ 365 ದಿನಗಳಿಗೂ ಘಟನೆಗಳಿರುವ ನಂಬಲರ್ಹ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಅಂಥ ಪಟ್ಟಿಗಳನ್ನೇ ನೆಚ್ಚಿಕೊಂಡು ನಾನು ಜಿಲ್ಲಾ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಅಂಕಣ ಬರೆಯುತ್ತಿದ್ದೆ. ಮುಂದೆ ನಡೆದಂತೆ ತೋರುತ್ತಲೇ ಹಿಂದಕ್ಕೆ ಜಾರುವ ಮೈಕೆಲ್ ಜಾಕ್ಸನ್ನರ ನೃತ್ಯದ ಹೆಜ್ಜೆ, ಮೂನ್‌ವಾಕ್ ಬಗ್ಗೆ ಬರೆದ ಒಂದು ಬರಹದಿಂದ ಆ ಅಂಕಣ ನಿಂತುಹೋಯಿತು.

ಆ ವರ್ಷ ಮೇ 16 ಭಾನುವಾರವೇ ಬಂದಿತ್ತು. ನನ್ನ ಬಳಿಯಿದ್ದ ಪಟ್ಟಿಯಲ್ಲಿ ಆ ದಿನದ ಎದುರಿಗೆ '1983, ಜಾಕ್ಸನ್ ಮೂನ್‌ವಾಕ್, ಟಿವಿ' ಎಂದಷ್ಟೇ ಇತ್ತು. ಅಷ್ಟನ್ನೇ ಹಿಡಿದು ನಾನು ಕಥೆ ಕಟ್ಟಿದೆ: ಮೋಟೌನ್ ಧ್ವನಿಮುದ್ರಿಕೆ ಸಂಸ್ಥೆಯ 25ನೇ ವರ್ಷದ ಸಮಾರಂಭದಲ್ಲಿ ಅಂದು ರಾತ್ರಿ ಜಾಕ್ಸನ್ ವೇದಿಕೆಗೆ ಬಂದರು, ಅಮೆರಿಕದ ಮನೆಮನೆಯಲ್ಲಿ ಜನ ಅದನ್ನು ನೇರಪ್ರಸಾರದಲ್ಲಿ ಕಂಡರು, ಮುಂದಿನ ವಾರವೇ ಅವರು ಅಲ್ಲಿ ಮೂನ್‌ವಾಕ್ ಮಾಡಿದ 'ಬಿಲ್ಲಿ ಜೀನ್' ಹಾಡು ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಓದುವುದಕ್ಕೆ ಸೊಗಸಾಗಿದ್ದ ಈ ಕಥೆಯಲ್ಲಿ ಪ್ರಸಾರದ ದಿನಾಂಕದ ಹೊರತು ಮುಖ್ಯವಾದ ಯಾವ ಸಂಗತಿಯೂ ನಿಜವಾಗಿರಲಿಲ್ಲ.

ಸಮಾರಂಭ ನಡೆದದ್ದು 1983ರ ಮಾರ್ಚ್ 25ರಂದು, ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಸಿವಿಕ್ ಆಡಿಟೋರಿಯಂನಲ್ಲಿ. ಅಲ್ಲಿ ಚಿತ್ರೀಕರಿಸಿದ್ದನ್ನು ಸಂಕಲನ ಮಾಡಿ ಎನ್‌ಬಿಸಿ ವಾಹಿನಿ ಪ್ರಸಾರ ಮಾಡಿದ್ದು 52 ದಿನಗಳ ನಂತರ, ಮೇ 16ರಂದು. ಎಂದರೆ ಸಭಾಂಗಣದಲ್ಲಿದ್ದವರು ಆ ಹೆಜ್ಜೆಯನ್ನು ಕಂಡ ದಿನ ಬೇರೆ, ಅಂದಾಜು 4.7 ಕೋಟಿ ವೀಕ್ಷಕರು ಟಿವಿಯಲ್ಲಿ ಕಂಡ ದಿನ ಬೇರೆ. ಇನ್ನು 'ಬಿಲ್ಲಿ ಜೀನ್' ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಮಾರ್ಚ್ 5ರ ವಾರದಲ್ಲಿ, ಅಂದರೆ ಸಮಾರಂಭಕ್ಕೂ ಮೊದಲೇ. ಏಳು ವಾರ ಅಲ್ಲಿದ್ದು ಅದು ಕೆಳಗಿಳಿದಿತ್ತು. ಕಾರ್ಯಕ್ರಮ ಟಿವಿಯಲ್ಲಿ ಬರುವ ಹೊತ್ತಿಗೆ ಅದೇ 'ಥ್ರಿಲ್ಲರ್' ಆಲ್ಬಂನ 'ಬೀಟ್ ಇಟ್' ಕೂಡ ಮೂರು ವಾರ ಮೊದಲ ಸ್ಥಾನದಲ್ಲಿದ್ದಾಗಿತ್ತು. ಕಾರ್ಯಕ್ರಮವು ಹಾಡನ್ನು ಗೆಲ್ಲಿಸಿತೆಂದು ನಾನು ಬರೆದಿದ್ದೆ. ಆದರೆ ಅದಾಗಲೇ ಗೆದ್ದಿದ್ದ ಹಾಡನ್ನು ಜಾಕ್ಸನ್ ಆ ವೇದಿಕೆಗೆ ತಂದಿದ್ದರು. ಹಳೆಯ ಮೋಟೌನ್ ಹಾಡುಗಳನ್ನು ನೆನೆಯುವ ಆ ಸಮಾರಂಭದಲ್ಲಿ ಮೋಟೌನಿಗೆ ಸೇರದ ತಮ್ಮ ಹೊಸ ಹಾಡೊಂದನ್ನು ಹಾಡಲು ಅವಕಾಶ ಕೊಟ್ಟರೆ ಮಾತ್ರ ಬರುವೆನೆಂದು ಅವರು ಪಟ್ಟು ಹಿಡಿದಿದ್ದರು. ಇದು ನನ್ನ ಕಲ್ಪನೆಗಿಂತ ಎಷ್ಟೋ ಸ್ವಾರಸ್ಯದ ಕಥೆ, ಅದನ್ನು ನಾನು ಓದುಗರಿಂದ ತಪ್ಪಿಸಿದೆ.

ಜೊತೆಗೆ, ಆ ನಡೆಯನ್ನು ಜಾಕ್ಸನ್ನರೇ ಕಂಡುಹಿಡಿದರೆಂಬ ಒಂದು ಸಾಲನ್ನೂ ಸೇರಿಸಿದ್ದೆ. ಬಿಲ್ ಬೇಲಿ ಎಂಬ ಟ್ಯಾಪ್ ನರ್ತಕ 1955ರ ಹೊತ್ತಿಗೇ ಹೀಗೆ ಹಿಂದಕ್ಕೆ ಜಾರುತ್ತಾ ನಿರ್ಗಮಿಸಿದ್ದು ಚಿತ್ರದಲ್ಲಿ ದಾಖಲಾಗಿದೆ. 1982ರಲ್ಲಿ ಶಲಮಾರ್ ತಂಡದ ಜೆಫ್ರಿ ಡೇನಿಯಲ್ ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮದಲ್ಲಿ ಇದನ್ನು ಮಾಡಿ ಬ್ರಿಟನ್ನಿನ ವೀಕ್ಷಕರನ್ನು ಬೆರಗುಗೊಳಿಸಿದ್ದರು. ಬೀದಿಯ ಕರಿಯ ಹುಡುಗರಿಂದ ಕಲಿತೆನೆಂದು ಜಾಕ್ಸನ್ನರೇ ಒಪ್ಪಿಕೊಂಡಿದ್ದಾರೆ.

ಓದುಗರೊಬ್ಬರು ಇವೆಲ್ಲವನ್ನೂ ಒಂದೊಂದಾಗಿ ಬಿಡಿಸಿ ಸಂಪಾದಕರಿಗೆ ಪತ್ರ ಬರೆದರು. ತಿದ್ದುಪಡಿ ಅಚ್ಚಾಯಿತು, ಮುಂದಿನ ತಿಂಗಳು ಅಂಕಣ ನಿಂತಿತು, ಅಂಕಣಗಳನ್ನು ಪುಸ್ತಕವಾಗಿ ತರಲು ಒಪ್ಪಿದ್ದ ಪ್ರಕಾಶಕರೂ ಹಿಂದೆ ಸರಿದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಘಟನೆಗೂ ದಿನಾಂಕಕ್ಕೆಂದು ಒಂದೇ ಕಲಂ ಇತ್ತು, ಎಲ್ಲ ಕೆಟ್ಟದ್ದು ಅಲ್ಲಿಯೇ. ಕಲಂ ಒಂದೇ ಇದ್ದುದರಿಂದ ಅದು ಯಾವುದರ ದಿನಾಂಕ, ಧ್ವನಿಮುದ್ರಣದ್ದೋ ಪ್ರಸಾರದ್ದೋ ಬಿಡುಗಡೆಯದ್ದೋ ಎಂದು ಕೇಳಿಕೊಳ್ಳುವ ಪ್ರಸಂಗವೇ ಬರಲಿಲ್ಲ. ಕೇಳಿಕೊಳ್ಳದ ಕಾರಣ ಬೇರೆ ಬೇರೆ ದಿನ ನಡೆದದ್ದೆಲ್ಲ ನನ್ನ ಬರಹದಲ್ಲಿ ಒಂದೇ ರಾತ್ರಿ ನಡೆದುಹೋಯಿತು, ಹಾಗೆ ಒಟ್ಟುಗೂಡಿದ ಸಂಗತಿಗಳ ನಡುವೆ ಇಲ್ಲದ ಕಾರ್ಯಕಾರಣ ಸಂಬಂಧವೂ ತಾನಾಗಿ ಹುಟ್ಟಿಕೊಂಡಿತು. ಪಟ್ಟಿಯಲ್ಲಿದ್ದ ದಿನಾಂಕವೇನೂ ತಪ್ಪಾಗಿರಲಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ನಂಬಲರ್ಹ ಪಟ್ಟಿ ಸಿಕ್ಕರೆ ಸಾಕೆಂಬ ನಿಮ್ಮ ಎಣಿಕೆಯನ್ನು ನಾನು ಒಪ್ಪುವುದಿಲ್ಲ. ನನ್ನನ್ನು ಕೆಡಿಸಿದ್ದು ನಂಬಲರ್ಹವಾದ ಪಟ್ಟಿಯೇ.

ದಿನಕ್ಕೊಂದು ಎಂಬ ಹಟವನ್ನೂ ಬಿಡಿ. ವರ್ಷದ ಎಲ್ಲ ದಿನಗಳನ್ನೂ ತುಂಬಲು ಹೊರಟರೆ ಯಾರದೋ ಹುಟ್ಟುಹಬ್ಬ, ಯಾವುದೋ ಹಾಡು ಪಟ್ಟಿಯಲ್ಲಿ ಎಂಟನೇ ಸ್ಥಾನಕ್ಕೆ ಬಂದ ಸುದ್ದಿ ಇವುಗಳೇ ತುಂಬಿಕೊಳ್ಳುತ್ತವೆ, ಕೇಳುಗರು ವಾರದೊಳಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ತಿಂಗಳಿಗೊಂದು ಸಾಕು. ಆ ಒಂದಕ್ಕೆ ಮೂರು ದಿನಾಂಕಗಳನ್ನು ಹುಡುಕಿ: ಘಟನೆ ನಡೆದದ್ದು ಯಾವಾಗ, ಅದು ಮೊದಲು ಪ್ರಸಾರವಾದದ್ದು ಯಾವಾಗ, ನೀವು ಯಾರ ಬಗ್ಗೆ ಮಾತನಾಡುತ್ತಿದ್ದೀರೋ ಆ ಜನ ಅದನ್ನು ಕಂಡದ್ದು ಯಾವಾಗ. ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿಯವರ ಹವಾಯಿ ಸಂಗೀತ ಕಛೇರಿಯನ್ನೇ ತೆಗೆದುಕೊಳ್ಳಿ. 1973ರ ಜನವರಿ 14ರಂದು ಹೊನೊಲುಲುವಿನಲ್ಲಿ ನಡುರಾತ್ರಿ ಕಳೆದ ಮೇಲೆ ಅದು ಆರಂಭವಾದದ್ದು, ಉಪಗ್ರಹದ ಮೂಲಕ ಜಪಾನ್ ಮೊದಲಾದ ದೇಶಗಳ ವೀಕ್ಷಕರಿಗೆ ಅನುಕೂಲವಾದ ಹೊತ್ತಿಗೆ ತಲುಪಲೆಂದು. ಸ್ವತಃ ಎಲ್ವಿಸ್ ಅವರ ನಾಡಿನ ಜನ ಅದನ್ನು ಟಿವಿಯಲ್ಲಿ ನೋಡಿದ್ದು ಏಪ್ರಿಲ್ 4ರಂದು. ಜನವರಿಯ ದಿನಾಂಕವನ್ನು ಹೇಳಿ 'ಅಮೆರಿಕವೇ ಟಿವಿಯ ಮುಂದೆ ಕುಳಿತಿತ್ತು' ಎಂದರೆ ನನ್ನದೇ ಕಥೆ ಮರುಕಳಿಸುತ್ತದೆ.

ಜಾಕ್ಸನ್ನರ ವಿಷಯದಲ್ಲಿ ನಮಗೆ ಮತ್ತೊಂದು ದಿನಾಂಕವೂ ಇದೆ. ಅವರು ಮುಂಬೈನ ಅಂಧೇರಿ ಕ್ರೀಡಾ ಸಂಕೀರ್ಣದಲ್ಲಿ ಹಾಡಿ ಕುಣಿದದ್ದು 1996ರ ನವೆಂಬರ್ 1ರಂದು. ನಮ್ಮಲ್ಲಿ ಅಂದು ರಾಜ್ಯೋತ್ಸವವಾದ್ದರಿಂದ ಈ ವಾರ್ಷಿಕದ ನೆನಪು ಕರ್ನಾಟಕದಲ್ಲಿ ಯಾರಿಗೂ ಆಗುವುದಿಲ್ಲ, ನೀವು ಮಾಡಿದರೆ ಹೊಸದಾಗಿರುತ್ತದೆ.

ಮೊದಲ ಸಂಚಿಕೆಗೆ ನಾನು 1985ರ ಜುಲೈ 13ರಂದು ಲಂಡನ್ನಿನಲ್ಲಿಯೂ ಅಮೆರಿಕದ ಫಿಲಡೆಲ್ಫಿಯಾದಲ್ಲಿಯೂ ನಡೆದ ಲೈವ್ ಏಡ್ ಸಂಗೀತ ಕಛೇರಿಯನ್ನು ಸೂಚಿಸುತ್ತೇನೆ, ಏಕೆಂದರೆ ಅದು ನಿಜವಾಗಿಯೂ ನೇರಪ್ರಸಾರವಾಗಿತ್ತು, ಇಥಿಯೋಪಿಯಾದ ಕ್ಷಾಮ ಪರಿಹಾರವೆಂಬ ಗಟ್ಟಿಯಾದ ಕಾರಣವೂ ಅದಕ್ಕಿತ್ತು. ಹೊತ್ತನ್ನು ಮಾತ್ರ ಲೆಕ್ಕ ಹಾಕಿಯೇ ಹೇಳಿ. ಲಂಡನ್ನಿನ ವೆಂಬ್ಲಿಯಲ್ಲಿ ಮಧ್ಯಾಹ್ನ 12ಕ್ಕೆ ಶುರುವಾದಾಗ ನಮ್ಮಲ್ಲಿ ಸಂಜೆ 4.30, ಕ್ವೀನ್ ತಂಡ ವೇದಿಕೆಗೆ ಬಂದಾಗ ರಾತ್ರಿ 11 ದಾಟಿತ್ತು, ಫಿಲಡೆಲ್ಫಿಯಾದ ಕೊನೆಯ ಹಾಡು ಮುಗಿಯುವಷ್ಟರಲ್ಲಿ ಇಲ್ಲಿ ಜುಲೈ 14ರ ಬೆಳಗಾಗಿತ್ತು.